ಕಾಕಾನ ರನ್‌ವೇ: ಹುಬ್ಬಳ್ಳಿಯಿಂದ ದಾಬೋಲಿಂಗೆ ಐದು ದಿನ

ಮೊದಲ ದಿನ, ಶನಿವಾರ

ಕೇಶ್ವಾಪುರದ ಕಾಕಾನ ಮನೆ ಮುಂದೆ ನಾನು ಕಾರು ನಿಲ್ಲಿಸಿದಾಗ ಬೆಳಗ್ಗೆ ಆರೂ ಇಪ್ಪತ್ತು. ಬರುತ್ತೇನೆ ಅಂತ ಹೇಳಿದ್ದು ಆರಕ್ಕೆ. ಕಾಕಾ ಗೇಟಿಗೆ ಆತು ನಿಂತಿದ್ದರು. ಬೈಯಲಿಲ್ಲ. ಸುಮ್ನೆ ಕೈಗಡಿಯಾರ ನೋಡಿದರು, ಅಷ್ಟೇ.

ಕಾಕು ಬುತ್ತಿ ಕಟ್ಟಿ ಇಟ್ಟಿದ್ದರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಒಂದು ಡಬ್ಬಿ ಮೊಸರು. ಅದರ ಮೇಲೆ ಸ್ಟೀಲಿನ ಚಮಚ. ಕಾಕಾ ಅವನ್ನು ಒಂದೊಂದಾಗಿ ಎಣಿಸಿ ಚೀಲಕ್ಕೆ ಹಾಕಿದರು. "ಐದು ಚಮಚಾ ನೋಡಪಾ. ವಾಪಸ್ ಬಂದಾಗೂ ಐದ ಇರಬೇಕು" ಎಂದು ನನ್ನ ಮಗನಿಗೆ ಹೇಳಿದರು. ಎಂಟನೇ ಕ್ಲಾಸಿನ ಹುಡುಗ, ನಕ್ಕ. ಕಾಕಾ ನಗಲಿಲ್ಲ.

ಈ ಪ್ರವಾಸ ಹುಟ್ಟಿದ್ದು ನನ್ನ ಒಂದು ಹಳೇ ಸಿಟ್ಟಿನಿಂದ. 2018ರ ಜನವರಿ 3. ಗೆಳೆಯನ ಮನೆ ಮದುವೆ ಮುಗಿಸಿ ಗೋವಾದಿಂದ ಬೆಂಗಳೂರಿಗೆ ಹೊರಟಿದ್ದೆ. ಮಧ್ಯಾಹ್ನದ ಹೊತ್ತಿಗೆ ವಿಮಾನ ನಿಲ್ದಾಣದಲ್ಲಿ ಎಲ್ಲವೂ ನಿಂತುಹೋಯಿತು. ವಿಮಾನ ಯಾಕೆ ತಡ ಅಂತ ಕೇಳಿದರೆ ಕೌಂಟರಿನವರು ಕೈ ಆಡಿಸಿದರು. ಆಮೇಲೆ ಗೊತ್ತಾಯಿತು, ನೌಕಾಪಡೆಯ ಮಿಗ್-29ಕೆ ಫೈಟರ್ ವಿಮಾನ ಒಂದು ರನ್‌ವೇ ಬಿಟ್ಟು ಆಚೆ ಹೋಗಿ ಬೆಂಕಿ ಹತ್ತಿಕೊಂಡಿತ್ತು. ಕಲಿಯುತ್ತಿದ್ದ ಪೈಲಟ್ ಜೀವ ಉಳಿಸಿಕೊಂಡು ಹೊರಬಂದಿದ್ದ. ಊರಿಗೆ ಬಂದ ಮೇಲೆ ಕಾಕಾನ ಮುಂದೆ ಗೊಣಗಿದ್ದೆ: "ಮಿಲಿಟರಿಯವರಿಗೆ ಬೇರೆ ಜಾಗ ಸಿಗಲಿಲ್ಲೇನು? ಟಿಕೆಟ್ ತಗೊಂಡವರ ರನ್‌ವೇನೇ ಬೇಕಿತ್ತಾ?"

ಕಾಕಾ ಆವತ್ತು ಒಂದೇ ಮಾತು ಹೇಳಿದ್ದರು: "ಅವರ ಮನಿಗೆ ನೀ ಹೋಗಿದ್ದಿ, ನಿನ್ನ ಮನಿಗೆ ಅವರು ಬಂದಿದ್ದಿಲ್ಲ."

ಕಾಕಾ ಕುಂದಗೋಳದವರು. 1973ರಲ್ಲಿ ನೌಕಾಪಡೆ ಸೇರಿ ಹದಿನೈದು ವರ್ಷ ಏರ್ ಮೆಕ್ಯಾನಿಕ್ ಆಗಿದ್ದರು. ಅದರಲ್ಲಿ ಎಂಟು ವರ್ಷ ಗೋವಾದ ದಾಬೋಲಿಂನ ಐಎನ್‌ಎಸ್ ಹಂಸದಲ್ಲಿ, ನಾನು ಆವತ್ತು ಸಿಕ್ಕಿಬಿದ್ದ ಅದೇ ನಿಲ್ದಾಣದಲ್ಲಿ. ಹಡಗಿನ ಹೆಸರಿದ್ದರೂ ಅದು ಹಡಗಲ್ಲ. ನೌಕಾಪಡೆ ತನ್ನ ನೆಲದ ಮೇಲಿನ ನೆಲೆಗಳಿಗೂ ಹಡಗಿನ ಹಾಗೇ ಹೆಸರಿಡುತ್ತದೆ. ನಿವೃತ್ತಿಯಾದ ಮೇಲೆ ಕಾಕಾ ಒಮ್ಮೆಯೂ ಆ ಕಡೆ ಹೋಗಿರಲಿಲ್ಲ. ಈ ಸಲ ನಾನೇ ಹಟ ಹಿಡಿದೆ.

ಧಾರವಾಡದಲ್ಲಿ ಪೇಡೆ, ಕಿತ್ತೂರಿನಲ್ಲಿ ಚಹಾ. ಹತ್ತು ಗಂಟೆಗೆಲ್ಲ ಬೆಳಗಾವಿ. ಊರೊಳಗೆ ಹೋಗದೆ ಸೀದಾ ಬಾಗಲಕೋಟೆ ರಸ್ತೆ ಹಿಡಿದು ಸಾಂಬ್ರಾಕ್ಕೆ ಬಂದೆವು. ಅದು ಕಾಕಾನ ಬೇಡಿಕೆ. "ದಾಬೋಲಿಂ ನೋಡೋಕಿಂತ ಮೊದಲ ಸಾಂಬ್ರಾ ನೋಡಬೇಕು. ಯಾಕ ಅಂತ ನಾಳೆ ಹೇಳ್ತೀನಿ."

ಸಾಂಬ್ರಾದಲ್ಲಿ ನೋಡಲು ಸಿಗುವುದು ಕಡಿಮೆ. ಒಂದು ಕಡೆ 2017ರಲ್ಲಿ ಉದ್ಘಾಟನೆಯಾದ ಹೊಸ ಟರ್ಮಿನಲ್, ಟ್ಯಾಕ್ಸಿಗಳ ಸಾಲು. ಇನ್ನೊಂದು ಕಡೆ ಉದ್ದ ಕಾಂಪೌಂಡ್ ಗೋಡೆ, ಅದರ ಹಿಂದೆ ವಾಯುಪಡೆಯ ಏರ್‌ಮನ್ ತರಬೇತಿ ಶಾಲೆ. ಈಗ ಅಗ್ನಿವೀರರೂ ಇಲ್ಲೇ ತಯಾರಾಗುತ್ತಾರೆ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷರು ಯುದ್ಧದ ಕೆಲಸಕ್ಕೆ ಕಟ್ಟಿದ ವಿಮಾನ ನೆಲೆ ಇದು. ಸೂಟ್‌ಕೇಸ್ ಹಿಡಿದ ನಮ್ಮಂಥವರು ಬಂದದ್ದು ಎಷ್ಟೋ ವರ್ಷ ಆದ ಮೇಲೆ.

ಮಗ ಫೋನ್ ಎತ್ತಿದ. ಕಾಕಾ ಅವನ ಕೈ ಹಿಡಿದು ಕೆಳಗಿಳಿಸಿದರು. "ಗ್ವಾಡಿ ಫೋಟೋ ತಗೊಂಡು ಏನ್ ಮಾಡ್ತಿ? ಕಣ್ಣಿಲೆ ನೋಡು." ಕಾವಲಿನವನು ನಮ್ಮ ಕಡೆ ಒಂದು ಹೆಜ್ಜೆ ಇಡುವಷ್ಟರಲ್ಲಿ ನಾವು ಕಾರು ಹತ್ತಿದ್ದೆವು.

ರಾತ್ರಿ ಟಿಳಕವಾಡಿಯ ಸಂಬಂಧಿಕರ ಮನೆ. ಊಟದ ಕೊನೆಗೆ ಕುಂದಾ. ಕಾಕಾಗೆ ಸಕ್ಕರೆ ಕಾಯಿಲೆ, ಆದರೂ ಎರಡು ಸಲ ಹಾಕಿಸಿಕೊಂಡರು.

ಎರಡನೇ ದಿನ, ಭಾನುವಾರ

ಜಾಂಬೋಟಿ ದಾಟಿ ಕಣಕುಂಬಿಗೆ ಬಂದಾಗ ಇನ್ನೂ ಮಂಜು. ಮಲಪ್ರಭಾ ಹುಟ್ಟುವುದು ಇಲ್ಲೇ. ಹುಬ್ಬಳ್ಳಿಯಲ್ಲಿ ನಳ ಬರುವ ದಿನ ನಾವು ಕೊಡ ತುಂಬಿಕೊಳ್ಳುವ ನೀರಿನ ಮೂಲ ಎಷ್ಟು ಸಣ್ಣದು ಅಂತ ನೋಡಿ ಕಾಕು ಕೈ ಮುಗಿದರು. ಅಲ್ಲಿಂದ ಚೋರ್ಲಾ ಘಾಟ್. ತಿರುವಿಗೊಂದು ತಿರುವು. ಮಗ ಎರಡು ಸಲ ಕಾರು ನಿಲ್ಲಿಸಿದ, ಯಾಕೆ ಅಂತ ಹೇಳಬೇಕಿಲ್ಲ.

ಘಾಟ್ ಇಳಿಯುವಾಗ ಕಾಕಾ ಕತೆ ಶುರು ಮಾಡಿದರು.

1961ರ ಡಿಸೆಂಬರ್. ಕಾಕಾಗೆ ಏಳು ವರ್ಷ. ಕುಂದಗೋಳ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಯ ಮೇಲೆ ಜೀಪುಗಳು ಸಾಲಾಗಿ ಹೋಗುವುದನ್ನು ಅವರು ಅಜ್ಜನ ಹೆಗಲ ಮೇಲೆ ಕೂತು ನೋಡಿದ್ದರಂತೆ. ಆಗ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ನಮ್ಮ ಸೈನ್ಯ ಬೆಳಗಾವಿಯಲ್ಲಿ ಜಮಾಯಿಸಿತ್ತು. ವಾಯುಪಡೆ ಈ ಕಾರ್ಯಾಚರಣೆಗೆ ಆರಿಸಿಕೊಂಡದ್ದು ಎರಡು ನೆಲೆ: ಪುಣೆ ಮತ್ತು ನಾವು ನಿನ್ನೆ ನೋಡಿದ ಸಾಂಬ್ರಾ. ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ ಅವರ ಕೈಯಲ್ಲಿ ಇಡೀ ವಾಯು ಕಾರ್ಯಾಚರಣೆಯ ಹೊಣೆ. ಡಿಸೆಂಬರ್ 18ರ ಬೆಳಗ್ಗೆ ಪುಣೆಯಿಂದ ಹಾರಿದ ಕ್ಯಾನ್‌ಬೆರಾ ಬಾಂಬರ್‌ಗಳು ದಾಬೋಲಿಂ ರನ್‌ವೇ ಮೇಲೆ ಬಾಂಬ್ ಸುರಿದವು. ಸಾಂಬ್ರಾದಿಂದ ಹಾರಿದ ಆರು ಹಂಟರ್ ವಿಮಾನಗಳು ಪಣಜಿ ಹತ್ತಿರದ ಬಾಂಬೋಳಿಯ ವೈರ್‌ಲೆಸ್ ಸ್ಟೇಷನ್ ಹೊಡೆದವು.

"ನಾವು ಈಗ ಹೊಂಟೀವಲ್ಲ, ಇದ ದಾರಿ. ಅವರು ಮ್ಯಾಲೆ, ನಾವು ಕೆಳಗ" ಎಂದರು ಕಾಕಾ. ಅವರಿಗೆ ಹಿಡಿದದ್ದು ನಿಮಿಷಗಳು. ನಮಗೆ ವಾಂತಿ, ಚಹಾ, ಸಾಖಳಿಯ ಟ್ರಾಫಿಕ್ ಎಲ್ಲ ಸೇರಿ ಬಾಂಬೋಳಿ ಮುಟ್ಟಲು ಐದು ತಾಸು.

ಬಾಂಬ್ ಹಾಕಿದವರು ರನ್‌ವೇಗೆ ಮಾತ್ರ ಗುರಿ ಇಟ್ಟಿದ್ದರು, ಟರ್ಮಿನಲ್ ಕಟ್ಟಡ ಉಳಿಸಿದ್ದರು. ನಾಳೆ ನಮ್ಮದೇ ಆಗುವ ಕಟ್ಟಡ ಅಲ್ವಾ. ಆದರೆ ಆ ರಾತ್ರಿ ನಡೆದದ್ದೇ ನನಗೆ ಜಾಸ್ತಿ ಇಷ್ಟವಾದ ಭಾಗ. ನಿಲ್ದಾಣದಲ್ಲಿ ಎರಡು ಪ್ರಯಾಣಿಕ ವಿಮಾನಗಳು ಉಳಿದಿದ್ದವು. ಒಂದು ಕಾನ್‌ಸ್ಟಲೇಷನ್, ಒಂದು ಡಿಸಿ-4. ಕತ್ತಲಾದ ಮೇಲೆ ಪೋರ್ಚುಗೀಸರು ರನ್‌ವೇಯ ಗುಂಡಿಗಳನ್ನು ಅಷ್ಟಿಷ್ಟು ಮುಚ್ಚಿದರು. ಅಧಿಕಾರಿಗಳ ಹೆಂಡತಿ ಮಕ್ಕಳನ್ನು ಹತ್ತಿಸಿದರು. ಉಳಿದ ಗಿಡ್ಡ ರನ್‌ವೇಯಿಂದಲೇ ಎರಡೂ ವಿಮಾನ ಹಾರಿ, ತಗ್ಗಿನಲ್ಲೇ ಸಾಗಿ ಕರಾಚಿ ಸೇರಿದವು. ಮರುದಿನ ಗೋವಾ ನಮ್ಮದಾಯಿತು.

"ಹಂಗಂದ್ರ ಅದು ಮೊದಲು ಪ್ಯಾಸೆಂಜರ್ ಏರ್‌ಪೋರ್ಟ್ ಆಗಿತ್ತಾ ಅಜ್ಜಾ?" ಹಿಂದಿನ ಸೀಟಿನಿಂದ ಮಗನ ಪ್ರಶ್ನೆ.

ಹೌದು, ಆಗಿತ್ತು. 1955ರಲ್ಲಿ ಭಾರತ ಗೋವಾಕ್ಕೆ ಆರ್ಥಿಕ ದಿಗ್ಬಂಧನ ಹಾಕಿತು, ರೈಲು ನಿಂತಿತು. ಆಗ ಪೋರ್ಚುಗೀಸರು ಹೊರಗಿನ ಸಂಪರ್ಕಕ್ಕೆ ಅಂತ ದಾಬೋಲಿಂನಲ್ಲಿ ವಿಮಾನ ನಿಲ್ದಾಣ ತೆರೆದರು. ಗೋವಾದ್ದೇ ಒಂದು ವಿಮಾನ ಕಂಪನಿಯನ್ನೂ ಕಟ್ಟಿದರು. ನಿಲ್ದಾಣಕ್ಕೆ ಗವರ್ನರ್ ಜನರಲ್ ಬೆನಾರ್ಡ್ ಗೆಡೆಸ್ ಅವರ ಹೆಸರಿಟ್ಟಿದ್ದರು.

"ಹಂಗಾದ್ರ ಮನಿ ಮೊದಲು ಪ್ಯಾಸೆಂಜರ್‌ಗಳದ್ದ. ನೇವಿಯವರು ಆಮೇಲೆ ಬಂದವರು."

ಕಾಕಾ ಕಿಟಕಿ ಗಾಜು ಇಳಿಸಿ ಹೊರಗೆ ನೋಡತೊಡಗಿದರು. ನನಗೆ ಒಳಗೊಳಗೇ ಖುಷಿ. ಏಳು ವರ್ಷದಿಂದ ನನಗೆ ಹೊಳೆಯದ ಉತ್ತರ ಇದು.

ಜುವಾರಿ ಹೊಸ ಸೇತುವೆ ದಾಟಿ ಸಂಜೆ ವಾಸ್ಕೊ. ಲಾಡ್ಜಿನವನು ಬುಕ್ ಮಾಡಿದ್ದು ಒಂದು ರೂಮು, ಕೊಟ್ಟದ್ದು ಇನ್ನೊಂದು. ಜಗಳ ಆಡಲು ಯಾರಿಗೂ ಶಕ್ತಿ ಇರಲಿಲ್ಲ.

ಮೂರನೇ ದಿನ, ಸೋಮವಾರ

ಬೋಗ್ಮಾಲೊ ರಸ್ತೆಯಲ್ಲಿರುವ ನೌಕಾ ವಿಮಾನ ಮ್ಯೂಸಿಯಂಗೆ ಹತ್ತು ಗಂಟೆಗೆ ಹೋದರೆ ಗೇಟಿಗೆ ಬೀಗ. ಸೋಮವಾರ ರಜೆ. ತಪ್ಪು ನನ್ನದೇ, ಒಂದು ಸಲ ಫೋನಿನಲ್ಲಿ ನೋಡಿದ್ದರೆ ಸಾಕಿತ್ತು. ಕಾಕು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

ಕಾಕಾ ಮಾತ್ರ ಉತ್ಸಾಹದಲ್ಲಿದ್ದರು. "ಛಲೋ ಆತು. ಸೋಮವಾರ ಅಂದ್ರ ಫ್ಲೈಯಿಂಗ್ ದಿನ. ನಿಂತ ವಿಮಾನ ನಾಳೆ ನೋಡೂಣ, ಹಾರೂ ವಿಮಾನ ಇವತ್ತ ನೋಡೂಣ."

ಚಿಕಾಲಿಂ ಕಡೆಯ ಒಂದು ಚಹಾದಂಗಡಿಯ ಮುಂದೆ ಕುಳಿತೆವು. ಇಲ್ಲಿಂದ ರನ್‌ವೇ ಕಾಣುವುದಿಲ್ಲ. ಕಾಣಬೇಕಾಗಿಯೂ ಇಲ್ಲ. ಮೊದಲು ಎದೆಯ ಗೂಡು ನಡುಗುತ್ತದೆ, ಆಮೇಲೆ ಕಿವಿಗೆ ಸದ್ದು ಬರುತ್ತದೆ, ಅದಾದ ಮೇಲೆ ಮರಗಳ ಮೇಲಿಂದ ಬೂದು ಬಣ್ಣದ ಮಿಗ್ ಎದ್ದು ಸಮುದ್ರದ ಕಡೆ ಹೊರಳುತ್ತದೆ. ಅಂಗಡಿಯವನು ಸಕ್ಕರೆ ಡಬ್ಬಿಯ ಮುಚ್ಚಳ ಒತ್ತಿ ಹಿಡಿದುಕೊಂಡ. ಅದು ಅವನಿಗೆ ರೂಢಿ.

ಆ ಎರಡು ತಾಸಿನಲ್ಲಿ ಕಾಕಾ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಗೋವಾ ಬಿಡುಗಡೆಯಾದ ಮೇಲೆ, 1962ರ ಏಪ್ರಿಲ್‌ನಲ್ಲಿ, ದಾಬೋಲಿಂ ನೌಕಾಪಡೆಯ ಕೈಗೆ ಬಂತು. ಐಎನ್‌ಎಸ್ ಹಂಸ ಆಗ ಕೊಯಮತ್ತೂರಿನ ಸೂಲೂರಿನಲ್ಲಿತ್ತು, 1961ರ ಸೆಪ್ಟೆಂಬರ್‌ನಲ್ಲಷ್ಟೇ ಶುರುವಾಗಿತ್ತು. ವಿಮಾನ ಹೊತ್ತೊಯ್ಯುವ ವಿಕ್ರಾಂತ್ ಹಡಗು ಅದೇ ವರ್ಷ ನೌಕಾಪಡೆ ಸೇರಿತ್ತು. ಅದರ ವಿಮಾನಗಳಿಗೆ ದಡದಲ್ಲಿ ಒಂದು ಮನೆ ಬೇಕು, ಅದೂ ಸಮುದ್ರದ ಹತ್ತಿರ. ಸೂಲೂರಿನಲ್ಲಿ ಸಮುದ್ರ ಎಲ್ಲಿದೆ? 1964ರಲ್ಲಿ ಹಂಸ ದಾಬೋಲಿಂಗೆ ಬಂತು. ಪ್ರಯಾಣಿಕ ವಿಮಾನಗಳು ಮತ್ತೆ ಬಂದವು, ಆದರೆ ಈ ಸಲ ಅತಿಥಿಗಳಾಗಿ.

ಅತಿಥಿ ಅನ್ನುವುದು ಸುಮ್ನೆ ಮಾತಿಗಲ್ಲ. ನೆಲೆಯ ಜಾಗ ಸುಮಾರು 1,700 ಎಕರೆ. ಅದರಲ್ಲಿ ಟರ್ಮಿನಲ್, ವಿಮಾನ ನಿಲ್ಲುವ ಅಂಗಳ ಎಲ್ಲ ಸೇರಿದ ಸಿವಿಲ್ ಎನ್‌ಕ್ಲೇವ್ 35 ಎಕರೆಯಷ್ಟು. ನೂರು ಎಕರೆ ಹೊಲದಲ್ಲಿ ಎರಡು ಎಕರೆ ಲಾವಣಿಗೆ ಹಿಡಿದ ಹಾಗೆ. ಎನ್‌ಕ್ಲೇವ್ ನೋಡಿಕೊಳ್ಳುವುದು ವಿಮಾನ ನಿಲ್ದಾಣ ಪ್ರಾಧಿಕಾರ. ರನ್‌ವೇ ಒಂದೇ, ಸುಮಾರು 3.4 ಕಿಲೋಮೀಟರ್ ಉದ್ದ. ಟವರ್‌ನಲ್ಲಿ ಕೂತು ಇಳಿ, ಕಾಯಿ, ಹಾರು ಅನ್ನುವವರು ನೌಕಾಪಡೆಯವರು. ನಮ್ಮ ವಿಮಾನದ ಪೈಲಟ್ ಕೇಳುವುದೂ ಅವರ ಮಾತನ್ನೇ.

ವಾರದ ದಿನಗಳಲ್ಲಿ ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಒಂದರವರೆಗೆ ಸಾಮಾನ್ಯ ವಿಮಾನಗಳಿಗೆ ಇಲ್ಲಿ ಬಾಗಿಲು ಮುಚ್ಚುವುದು ವರ್ಷಗಟ್ಟಲೆ ನಡೆದುಬಂದ ರೂಢಿ. ಆ ಹೊತ್ತು ಫೈಟರ್‌ಗಳ ತಾಲೀಮಿಗೆ. ಯಾಕೆ ಬೇರೆ ಹೊತ್ತು? ಬೆರೆಸಿ ಹಾರಿಸಬಾರದೇನು? ನಾನು ಕೇಳಿದೆ.

"ಸಂತ್ಯಾಗ ಎತ್ತಿನ ಬಂಡಿ, ಬೈಕ್ ರೇಸ್ ಎರಡೂ ಒಮ್ಮೆ ಬಿಟ್ರ ಹೆಂಗ?" ಎಂದರು ಕಾಕಾ. ಫೈಟರ್ ಬರುವ ವೇಗ ಬೇರೆ, ತಿರುಗುವ ರೀತಿ ಬೇರೆ. ಕಲಿಯುವ ಹುಡುಗ ರನ್‌ವೇ ಮುಟ್ಟಿ ಮತ್ತೆ ಎದ್ದು ಸುತ್ತು ಹಾಕಿ ಬರುತ್ತಾನೆ, ಹತ್ತು ಸಲ. ಅವನ ಟ್ಯಾಂಕಿನಲ್ಲಿ ಇಂಧನ ಕಡಿಮೆ, ಕಾಯಿ ಅಂತ ಹೇಳಲು ಬರುವುದಿಲ್ಲ. ದೊಡ್ಡ ಪ್ರಯಾಣಿಕ ವಿಮಾನ ಹೋದ ಮೇಲೆ ಅದರ ಹಿಂದೆ ಗಾಳಿ ಸುಳಿ ಸುಳಿಯಾಗಿ ಉಳಿಯುತ್ತದೆ, ಚಿಕ್ಕ ವಿಮಾನ ಅದರಲ್ಲಿ ಸಿಕ್ಕರೆ ಮಗುಚಿದರೂ ಮಗುಚೀತು.

ಹಂಸದಲ್ಲಿ ಇನ್ನೊಂದು ವಿಶೇಷ ಇದೆ. ಹಡಗಿನ ಡೆಕ್‌ನ ಪ್ರತಿರೂಪವನ್ನೇ ನೆಲದ ಮೇಲೆ ಕಟ್ಟಿದ್ದಾರೆ, ಮುಂದಿನ ತುದಿ 14 ಡಿಗ್ರಿ ಮೇಲಕ್ಕೆ ಬಾಗಿದ ದಿಬ್ಬ. ಸಮುದ್ರಕ್ಕೆ ಹೋಗುವ ಮೊದಲು ಇಲ್ಲೇ ಕಲಿಯಬಹುದು, ತಪ್ಪಬಹುದು. ನಮ್ಮದೇ ತೇಜಸ್‌ನ ನೌಕಾ ಮಾದರಿ 2014ರ ಡಿಸೆಂಬರ್‌ನಲ್ಲಿ ಈ ದಿಬ್ಬದಿಂದ ಹಾರಿತು. 2019ರಲ್ಲಿ, ಹಡಗಿನ ಮೇಲೆ ಇಳಿಯುವ ಹಾಗೇ, ಬಾಲದ ಕೊಕ್ಕೆಯಿಂದ ಅಡ್ಡ ಕಟ್ಟಿದ ಉಕ್ಕಿನ ಹಗ್ಗ ಹಿಡಿದು ನಿಂತಿತು.

ಒಂದು ಗಂಟೆಯ ಮೇಲೆ ಆಕಾಶದ ಬಣ್ಣವೇ ಬದಲಾಯಿತು. ಬಿಳಿ ಹೊಟ್ಟೆಯ ಪ್ರಯಾಣಿಕ ವಿಮಾನಗಳು ಒಂದರ ಹಿಂದೆ ಒಂದು, ಸಾಲಿಗೆ ನಿಂತ ಶಾಲೆ ಮಕ್ಕಳ ಹಾಗೆ. 2023ರ ಜನವರಿಯಲ್ಲಿ ಉತ್ತರದ ಮೋಪಾದಲ್ಲಿ ಹೊಸ ನಿಲ್ದಾಣ ಶುರುವಾದ ಮೇಲೆ ಇಲ್ಲಿನ ಎಷ್ಟೋ ವಿಮಾನಗಳು ಅಲ್ಲಿಗೆ ಹೋಗಿವೆ. ಚಹಾದಂಗಡಿಯವನಿಗೆ ಅದೇ ಚಿಂತೆ. ಟ್ಯಾಕ್ಸಿ ಹುಡುಗರು ಕಡಿಮೆಯಾದರು, ಚಹಾ ಖರ್ಚಾಗುವುದೂ ಕಡಿಮೆಯಾಯಿತು.

ಏಳುವ ಮೊದಲು ಕಾಕಾ ಆಕಾಶದ ಒಂದು ಕಡೆ ಕೈ ಮಾಡಿದರು. 2002ರ ಅಕ್ಟೋಬರ್ 1. ಸಮುದ್ರ ಕಾಯುವ ಇಲ್ಯೂಶಿನ್-38 ವಿಮಾನಗಳ ಪಡೆಗೆ ಇಪ್ಪತ್ತೈದು ವರ್ಷ ತುಂಬಿದ ಸಂಭ್ರಮ. ಜೋಡಿಯಾಗಿ ಹಾರುತ್ತಿದ್ದ ಎರಡು ಇಲ್ಯೂಶಿನ್‌ಗಳು ಒಂದಕ್ಕೊಂದು ತಾಗಿ ಬಿದ್ದವು. ಒಳಗಿದ್ದ ಹನ್ನೆರಡು ಜನರೂ ಹೋದರು. ಕಾಕಾ ಆಗ ಹುಬ್ಬಳ್ಳಿಯಲ್ಲಿ ಟಿವಿ ಮುಂದೆ ಕೂತಿದ್ದರು. "1977ರಾಗ ಬಂದ ವಿಮಾನ ಅವು. ಅವುಗಳ ಗಾಲಿ ಕೆಳಗ ಮರದ ತುಂಡು ಇಟ್ಟಾಂವ ನಾನು" ಎಂದಷ್ಟೇ ಹೇಳಿ ಎದ್ದರು. ಆ ಸಂಜೆ ಬೀಚಿಗೆ ಹೋದೆವು. ಅಲ್ಲಿ ಬರೆಯುವಂಥದ್ದು ಏನೂ ಆಗಲಿಲ್ಲ.

ನಾಲ್ಕನೇ ದಿನ, ಮಂಗಳವಾರ

ಮ್ಯೂಸಿಯಂ ತೆರೆದಿತ್ತು. 1998ರಲ್ಲಿ ಶುರುವಾದದ್ದು. ಬಯಲಿನಲ್ಲಿ ವಿಮಾನಗಳು ಬಿಸಿಲು ಕಾಯಿಸುತ್ತ ನಿಂತಿವೆ. ಎಲ್ಲಕ್ಕಿಂತ ದೊಡ್ಡದು ನಾಲ್ಕು ಇಂಜಿನ್, ಮೂರು ಬಾಲದ ಸೂಪರ್ ಕಾನ್‌ಸ್ಟಲೇಷನ್. ನಾನು ಜಾಣತನ ತೋರಿಸಲು ಹೋದೆ: "ರಾತ್ರಿ ಕರಾಚಿಗೆ ಓಡಿದ್ದು ಇದೇ ಅಲ್ವಾ ಕಾಕಾ?"

"ಓಡಿ ಹೋದದ್ದು ಇಲ್ಲಿ ಹೆಂಗ ನಿಂದ್ರತೈತೋ?" ಇದು ಮೊದಲು ಏರ್ ಇಂಡಿಯಾದಲ್ಲಿ ಪ್ರಯಾಣಿಕರನ್ನು ಹೊತ್ತ ವಿಮಾನ. ಆಮೇಲೆ ವಾಯುಪಡೆಗೆ, ಅಲ್ಲಿಂದ ನೌಕಾಪಡೆಗೆ. ಮನೆ ಬದಲಿಸುತ್ತ ಬಂದ ವಿಮಾನ.

ಸೀ ಹ್ಯಾರಿಯರ್ ಮುಂದೆ ಮಗ ನಿಂತುಬಿಟ್ಟ. ಪಕ್ಕದಲ್ಲಿ ನಾಲ್ಕು ಕೊಳವೆ ಬಾಯಿ. ಅವನ್ನು ಕೆಳಕ್ಕೆ ತಿರುಗಿಸಿದರೆ ವಿಮಾನ ನಿಂತಲ್ಲೇ ಏಳುತ್ತದೆ, ಹಿಂದಕ್ಕೆ ತಿರುಗಿಸಿದರೆ ಮುಂದೆ ಓಡುತ್ತದೆ. ಕಾಕಾ ಮುಂಗೈ ತಿರುಗಿಸಿ ತೋರಿಸಿದರು. 1983ರ ಡಿಸೆಂಬರ್ 16ರಂದು ಮೊದಲ ಮೂರು ಹ್ಯಾರಿಯರ್ ದಾಬೋಲಿಂನಲ್ಲಿ ಇಳಿದಾಗ ಕಾಕಾ ಹ್ಯಾಂಗರಿನ ಬಾಗಿಲಲ್ಲಿದ್ದರು. "ಗಾಳ್ಯಾಗ ನಿಂತಿತ್ತೋ! ನನ್ನ ಜೋಡಿ ಇದ್ದ ಪಂಜಾಬಿ ಟೊಪಗಿ ತೆಗೆದು ಕೈ ಮುಗದ." 2016ರ ಮೇ ತಿಂಗಳಲ್ಲಿ ಅವೂ ನಿವೃತ್ತಿಯಾದವು.

ಆದರೆ ಕಾಕಾ ಹುಡುಕುತ್ತಿದ್ದದ್ದು ಬೇರೆ. ಮೂಲೆಯಲ್ಲಿ ಅಲಿಜೆ. ಫ್ರೆಂಚರ ವಿಮಾನ, ಮೂಗಿಗೆ ಒಂದೇ ಪ್ರೊಪೆಲ್ಲರ್, ಮೂರು ಜನ ಕೂರುವಷ್ಟು ಜಾಗ. ಸಬ್‌ಮರೀನ್ ಹುಡುಕುವುದು ಇದರ ಕೆಲಸ. ನೋಡಲು ಗುಂಡಗೆ, ಹೊಟ್ಟೆ ಬಂದ ಮಾಸ್ತರರ ಹಾಗೆ. ಹ್ಯಾರಿಯರ್ ಮುಂದೆ ನಿಂತ ಜನ ಇದರ ಕಡೆ ತಿರುಗಿಯೂ ನೋಡುವುದಿಲ್ಲ. ಕಾಕಾ ರೆಕ್ಕೆಯ ಕೆಳಗೆ ಹೋಗಿ ತಲೆ ಎತ್ತಿದರು. ಹಡಗಿನಲ್ಲಿ ಜಾಗ ಸಾಲದು ಅಂತ ಇದರ ರೆಕ್ಕೆ ಮಡಚುತ್ತದೆ. ಮಡಿಕೆ ಬೀಳುವ ಆ ಕೀಲಿನ ಕಡೆ ಬೆರಳು ತೋರಿಸಿ, "ಇಲ್ಲಿ ಗ್ರೀಸ್ ಹಚ್ಚಾಕ ಕೈ ತುರುಕಬೇಕಿತ್ತು. ನೋಡಿಲ್ಲಿ" ಎಂದು ಬಲಗೈ ಚಾಚಿದರು. ಹೆಬ್ಬೆರಳಿನ ಬುಡದಲ್ಲಿ ಬಿಳಿ ಗೆರೆಯಂಥ ಗಾಯದ ಗುರುತು. ನಾನು ಚಿಕ್ಕಂದಿನಿಂದ ನೋಡಿದ್ದೆ, ಕೇಳಿರಲಿಲ್ಲ. ಮದುವೆಯಾಗಿ ನಲವತ್ತು ವರ್ಷ ದಾಟಿದ ಕಾಕು, "ಕುಡುಗೋಲು ಹತ್ತಿದ್ದು ಅಂತ ಹೇಳಿದ್ದಿರಲ್ರೀ!" ಎಂದರು.

ಅಲ್ಲೇ ನೆರಳಲ್ಲಿ ಕೂತು ಕಾಕಾ ತಮ್ಮ ದಿನಚರಿ ಹೇಳಿದರು. ಬೆಳಗಿನ ಮೊದಲ ಕೆಲಸ ವಿಮಾನದ್ದಲ್ಲ, ನೆಲದ್ದು. ಹತ್ತಿಪ್ಪತ್ತು ಜನ ಅಡ್ಡ ಸಾಲಾಗಿ ನಿಂತು, ತಲೆ ತಗ್ಗಿಸಿ, ಕಾಂಕ್ರೀಟ್ ಮೇಲೆ ನಡೆಯುವುದು. ಸಣ್ಣ ಹರಳು, ತಂತಿ ಚೂರು, ಬೋಲ್ಟ್, ಸಿಕ್ಕಿದ್ದೆಲ್ಲ ಚೀಲಕ್ಕೆ. ಒಂದು ಹರಳು ಜೆಟ್ ಇಂಜಿನ್ ಒಳಗೆ ಹೋದರೆ ಸಾಕು, ಅದರ ಎಲೆಗಳು ಹಾಳು. ಅದು ಫೈಟರ್‌ಗೂ ಹಾಗೇ, ನನ್ನ ಬೆಂಗಳೂರು ವಿಮಾನಕ್ಕೂ ಹಾಗೇ. ಹರಳಿಗೆ ಮಿಲಿಟರಿ ಯಾವುದು, ಟಿಕೆಟ್ಟಿನದು ಯಾವುದು ಗೊತ್ತಿಲ್ಲ.

ಆಮೇಲೆ ಪೆಟ್ಟಿಗೆ. ಪಾನಾ, ಸ್ಕ್ರೂಡ್ರೈವರ್ ಪ್ರತಿಯೊಂದಕ್ಕೂ ಅದರದೇ ಆಕಾರದ ನೆರಳು ಬಳಿದ ಜಾಗ. ಸಂಜೆ ಪೆಟ್ಟಿಗೆ ತೆರೆದರೆ ಖಾಲಿ ಜಾಗ ಕಣ್ಣಿಗೆ ಹೊಡೆಯಬೇಕು. ಒಂದು ಪಾನಾ ಇಲ್ಲ ಅಂದರೆ ಆ ವಿಮಾನ ಹಾರುವುದಿಲ್ಲ. ಒಮ್ಮೆ ಒಂದು ಸಣ್ಣ ಪಾನಾ ಕಾಣೆಯಾಗಿ, ರಾತ್ರಿ ಎರಡರವರೆಗೆ ಆರು ಜನ ಹುಡುಕಿದರಂತೆ. ಸಿಕ್ಕಿದ್ದು ಒಬ್ಬನ ಬೂಟಿನೊಳಗೆ.

"2018ರಾಗ ನಿಮ್ಮನ್ನ ಕೂಡಿಸಿದ್ದೂ ಅದಕ್ಕ" ಎಂದರು ನನ್ನ ಕಡೆ ತಿರುಗಿ. ಸುಟ್ಟ ವಿಮಾನದ ಚೂರು, ಎಣ್ಣೆ, ನೊರೆ ಬಿದ್ದ ರನ್‌ವೇ. ಅದನ್ನೆಲ್ಲ ಬಳಿದು, ನಡೆದು ನೋಡದೆ ಯಾರನ್ನು ಹಾರಿಸುತ್ತಾರೆ? ನನಗೆ ಒಪ್ಪಿಗೆಯಾಯಿತು, ಒಂದು ವಿಷಯ ಬಿಟ್ಟು. ಇದನ್ನೇ ಆವತ್ತು ಯಾರಾದರೂ ಮೈಕಿನಲ್ಲಿ ಎರಡು ವಾಕ್ಯದಲ್ಲಿ ಹೇಳಿದ್ದರೆ ಇನ್ನೂರು ಜನ ಸುಮ್ನೆ ಕೂರುತ್ತಿದ್ದರು. ಈಗಲೂ ನನ್ನ ವಾದ ಅದೇ.

ಐದನೇ ದಿನ, ಬುಧವಾರ

ವಾಪಸ್ ಬರುವಾಗ ಮೊಲೆಂ, ಅನಮೋಡ್ ಘಾಟ್, ರಾಮನಗರ, ಅಳ್ನಾವರ. ಅಳ್ನಾವರ ದಾಟಿದ ಮೇಲೆ ಗಾಳಿಗೆ ನಮ್ಮೂರ ವಾಸನೆ ಬರುತ್ತದೆ, ಇದನ್ನು ನಂಬದವರು ನಂಬಬೇಡಿ. ಮಗ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದ: ಮಿಲಿಟರಿ ಜೊತೆ ಹಂಚಿಕೊಂಡ ನಿಲ್ದಾಣ ಯಾವ್ಯಾವುದು? ಪುಣೆ, ವಿಶಾಖಪಟ್ಟಣ, ಬಾಗ್ಡೋಗ್ರಾ, ಶ್ರೀನಗರ. ನಮ್ಮ ರಾಜ್ಯದಲ್ಲೇ ಬೀದರ್, ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ಊರು. ಅಲ್ಲಿ ಪ್ರಯಾಣಿಕ ವಿಮಾನ ಶುರುವಾದದ್ದು 2020ರಲ್ಲಿ. "ನಮ್ಮ ಹುಬ್ಬಳ್ಳಿ?" ನಮ್ಮದು ಪೂರ್ತಿ ಪ್ಯಾಸೆಂಜರ್‌ಗಳದ್ದೇ, ಗೋಕುಲ ರೋಡಿನವರು ಪುಣ್ಯವಂತರು ಎಂದೆ. "ಸಪ್ಪನ ಏರ್‌ಪೋರ್ಟ್" ಎಂದರು ಕಾಕಾ.

ಕೇಶ್ವಾಪುರ ತಲುಪಿದಾಗ ರಾತ್ರಿ ಒಂಬತ್ತು. ಚೀಲ ಇಳಿಸಿದೆವು. ಕಾಕು ಬೀಗ ತೆಗೆದರು. ನಾನು ಕಾರು ತಿರುಗಿಸಲು ಹೊರಟೆ.

"ನಿಂದ್ರು."

ಕಾಕಾ ಗೇಟಿನ ಲೈಟಿನ ಕೆಳಗೆ ಬುತ್ತಿ ಚೀಲ ತೆರೆದಿದ್ದರು. ನಾಲ್ಕು ಚಮಚ. ಕಾಕು ಒಳಗಿನಿಂದ ಕೂಗಿದರು, "ಹೋಗ್ಲಿ ಬಿಡ್ರಿ, ಹತ್ತು ರೂಪಾಯಿದು!" ಕಾಕಾ ಆ ಕಡೆ ನೋಡಲೇ ಇಲ್ಲ. ನಾನು ಡಿಕ್ಕಿ ತೆರೆದೆ. ಮಗ ಫೋನಿನ ಟಾರ್ಚ್ ಹಚ್ಚಿ ಹಿಂದಿನ ಸೀಟಿನ ಕೆಳಗೆ ತೂರಿದ. ಐದು ನಿಮಿಷ, ಹತ್ತು ನಿಮಿಷ. ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು. ಕೊನೆಗೆ ಸೀಟಿನ ಸಂದಿಯಿಂದ, ಒಣಗಿದ ಮೊಸರು ಅಂಟಿದ ಚಮಚ ಹಿಡಿದ ಕೈಯೊಂದು ಹೊರಗೆ ಬಂತು.

"ಐದು, ಅಜ್ಜಾ!"

ಕಾಕಾ ಅದನ್ನು ಪಂಚೆಯ ತುದಿಗೆ ಒರೆಸಿ, ಚೀಲಕ್ಕೆ ಹಾಕಿ, ಗೇಟಿನ ಕೊಂಡಿ ಹಾಕಿಕೊಂಡರು. "ಈಗ ಹೋಗ್ರಿ."